ಒಂದು ಫೈಲ್‌ಗೆ ಮೂರು ತಾರೀಖು: ಫೋಲ್ಡರ್ ಜೋಡಣೆ ಕಲಿಯುವಾಗ ಬರೆದುಕೊಂಡದ್ದು

ಹಗಲು ಕಾರಟಗಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಕಂಪ್ಯೂಟರ್ ತರಗತಿಗೆ ಹೋಗುತ್ತೇನೆ. ಫೋಲ್ಡರ್‌ನೊಳಗಿನ ಫೈಲ್‌ಗಳನ್ನು ಬೇಕಾದ ಹಾಗೆ ಕಾಣಿಸುವುದು, ಬೇಕಾದ ಕ್ರಮದಲ್ಲಿ ಜೋಡಿಸುವುದು ತರಗತಿಯಲ್ಲಿ ಇಪ್ಪತ್ತು ನಿಮಿಷದ ಪಾಠವಾಗಿತ್ತು. ನನಗೆ ನಾಲ್ಕು ದಿನ ಹಿಡಿಯಿತು. ತಲೆಯಲ್ಲಿ ಇನ್ನೂ ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ. ನಮ್ಮಲ್ಲಿರುವುದು ವಿಂಡೋಸ್ 11. ಮೆನುವಿನ ಹೆಸರುಗಳನ್ನು ಪರದೆಯ ಮೇಲೆ ಇರುವಂತೆಯೇ ಬರೆದಿದ್ದೇನೆ.

ನೋಟ ಬದಲಿಸುವುದು

ಇದು ಸುಲಭ. ವ್ಯೂ ಮೆನುವಿನಲ್ಲಿ ದೊಡ್ಡ ಚಿತ್ರದಿಂದ ಹಿಡಿದು ಬರಿಯ ಪಟ್ಟಿಯವರೆಗೆ ಎಂಟು ಬಗೆಗಳಿವೆ. ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿ ಹಿಡಿದು 1ರಿಂದ 8ರವರೆಗೆ ಯಾವ ಅಂಕಿ ಒತ್ತಿದರೂ ಆ ಬಗೆ ಬರುತ್ತದೆ. ನನಗೆ ಬೇಕಾದದ್ದು 6 ಒಂದೇ, ಅಂದರೆ ಡೀಟೇಲ್ಸ್. ಹೆಸರು, ತಾರೀಖು, ಬಗೆ, ಗಾತ್ರ ಎಲ್ಲವೂ ಖಾತೆ ಪುಸ್ತಕದ ಕಲಮುಗಳಂತೆ ಸಾಲಾಗಿ ನಿಲ್ಲುತ್ತವೆ. ಕಲಮಿನ ತಲೆಯ ಮೇಲೆ ಒಮ್ಮೆ ಒತ್ತಿದರೆ ಆ ಕಲಮಿನ ಪ್ರಕಾರ ಜೋಡಣೆ, ಮತ್ತೊಮ್ಮೆ ಒತ್ತಿದರೆ ಹಿಂದುಮುಂದು. ಇಷ್ಟೇ.

ತಾರೀಖಿನ ತಕರಾರು

ಇಲ್ಲಿ ನಾನು ಬಿದ್ದೆ. ವೇ ಬ್ರಿಡ್ಜ್ ಮೇಲೆ ತೂಗಿದ ಪ್ರತಿ ಭತ್ತದ ಲಾರಿಗೂ ಒಂದು ತೂಕದ ಚೀಟಿ ಇರುತ್ತದೆ. ಅವುಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಡುವುದು ನನ್ನ ಕೆಲಸ. ಹಳೆಯ ಕಂಪ್ಯೂಟರ್ ಕೆಟ್ಟಿತೆಂದು ಎಲ್ಲವನ್ನೂ ಪೆನ್‌ಡ್ರೈವ್‌ನಿಂದ ಹೊಸದಕ್ಕೆ ನಕಲು ಮಾಡಿದ್ದೆ. ಸಾಹುಕಾರರು ಬಂದು, "ನವೆಂಬರ್ ಮೊದಲ ವಾರದ ಚೀಟಿಗಳನ್ನು ತೆಗೆಯಪ್ಪ" ಎಂದರು. ಚೀಟಿ ಹುಟ್ಟಿದ ದಿನ ತಾನೇ ಬೇಕು ಎಂದುಕೊಂಡು ಡೇಟ್ ಕ್ರಿಯೇಟೆಡ್ ಕಲಮನ್ನು ಸೇರಿಸಿ ಅದರ ತಲೆಯ ಮೇಲೆ ಒತ್ತಿದೆ. ನಾನೂರಕ್ಕೂ ಹೆಚ್ಚು ಚೀಟಿಗಳು, ಎಲ್ಲವೂ ಒಂದೇ ದಿನ, ಒಂದೇ ತಾಸಿನಲ್ಲಿ ಹುಟ್ಟಿದ್ದವು! ಸಾಹುಕಾರರು ಕನ್ನಡಕ ಸರಿಪಡಿಸಿಕೊಂಡು ಪರದೆ ನೋಡಿದರು, ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಆಮೇಲೆ ತಿಳಿದದ್ದು ಇದು. ಡೇಟ್ ಕ್ರಿಯೇಟೆಡ್ ಎಂದರೆ ಚೀಟಿ ಹುಟ್ಟಿದ ದಿನವಲ್ಲ, ಆ ಪ್ರತಿ ಆ ಜಾಗಕ್ಕೆ ಬಂದ ದಿನ. ನಕಲು ಮಾಡಿದರೆ ಹೊಸ ಪ್ರತಿಗೆ ಹೊಸ ಹುಟ್ಟುಹಬ್ಬ. ಡೇಟ್ ಮಾಡಿಫೈಡ್ ಎಂದರೆ ಒಳಗಿನ ವಿಷಯವನ್ನು ಕೊನೆಯ ಬಾರಿ ತಿದ್ದಿ ಉಳಿಸಿದ ಸಮಯ. ನಕಲು ಮಾಡಿದರೂ ಅದು ಹಳೆಯದೇ ಉಳಿಯುತ್ತದೆ. ಹಾಗಾಗಿ ಒಂದು ಫೈಲ್ ಹುಟ್ಟುವ ಮೊದಲೇ ತಿದ್ದಲಾಗಿದೆ ಎಂಬಂತೆ ಕಾಣಬಹುದು. ನನಗೆ ನಂಬಿಕೆ ಬಾರದೆ ಒಂದು ಪ್ರಯೋಗ ಮಾಡಿದೆ. ಹಳೆಯ ಚೀಟಿಯೊಂದನ್ನು ಡೆಸ್ಕ್‌ಟಾಪ್‌ಗೆ ನಕಲು ಮಾಡಿ, ಅದರ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದೆ. ಕ್ರಿಯೇಟೆಡ್ ಎದುರು ಆ ನಿಮಿಷ, ಮಾಡಿಫೈಡ್ ಎದುರು ಎರಡು ವರ್ಷ ಹಿಂದಿನ ದಿನ. ನೀವೂ ಒಮ್ಮೆ ಮಾಡಿ ನೋಡಿ. ಓದಿ ಒಪ್ಪಿಕೊಳ್ಳುವುದಕ್ಕಿಂತ ಕಣ್ಣಾರೆ ಕಂಡರೆ ಮರೆಯುವುದಿಲ್ಲ. ಅದೇ ಡಿಸ್ಕಿನಲ್ಲಿ ನಕಲು ಮಾಡದೆ ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಸರಿಸಿದರೆ ಮಾತ್ರ ಎರಡೂ ತಾರೀಖು ಹಾಗೆಯೇ ಇರುತ್ತವೆ.

ಹಾಗಾದರೆ ಮಾಡಿಫೈಡ್ ನಂಬಬಹುದೇ? ಅದೂ ಇಲ್ಲ. ನಮ್ಮ ಹಿರಿಯ ಗುಮಾಸ್ತರು ಓರೆಯಾಗಿ ಸ್ಕ್ಯಾನ್ ಆದ ಚೀಟಿಗಳನ್ನು ತೆರೆದು, ನೆಟ್ಟಗೆ ತಿರುಗಿಸಿ ಉಳಿಸುತ್ತಾರೆ. ಅವರು ತಿರುಗಿಸಿದ ಚೀಟಿಗಳೆಲ್ಲ ಅಂದಿನ ತಾರೀಖು ಹೊತ್ತು ಪಟ್ಟಿಯ ತುದಿಗೆ ಏರಿ ಕುಳಿತಿದ್ದವು. ಫೋಲ್ಡರ್‌ಗಳ ತಾರೀಖು ಇನ್ನೂ ವಿಚಿತ್ರ. ಚೀಟಿ ಎಂಬ ಫೋಲ್ಡರ್, ಅದರೊಳಗೆ ನವೆಂಬರ್ ಎಂಬ ಫೋಲ್ಡರ್ ಇದೆ ಎನ್ನಿ. ನವೆಂಬರ್ ಒಳಗೆ ಹೊಸ ಫೈಲ್ ಹಾಕಿದರೆ ನವೆಂಬರ್‌ನ ತಾರೀಖು ಬದಲಾಗುತ್ತದೆ, ಹೊರಗಿನ ಚೀಟಿ ಫೋಲ್ಡರ್‌ಗೆ ಸುದ್ದಿಯೇ ಮುಟ್ಟುವುದಿಲ್ಲ.

ನಮಗೆ ಬೇಕಾದದ್ದು ಮೂರನೆಯ ತಾರೀಖು, ಲಾರಿ ತೂಗಿದ ದಿನ. ಅದು ಕಂಪ್ಯೂಟರ್‌ಗೆ ಗೊತ್ತಿಲ್ಲ. ನಾವೇ ಹೆಸರಿನಲ್ಲಿ ಬರೆಯಬೇಕು, ಅದೂ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ: 2024-11-05. ನಾವು ಚೆಕ್ಕಿನ ಮೇಲೆ ಬರೆಯುವಂತೆ ದಿನ ಮೊದಲು ಬರೆದರೆ, ಹೆಸರಿನ ಪ್ರಕಾರ ಜೋಡಿಸಿದಾಗ ಎಲ್ಲ ತಿಂಗಳುಗಳ ಒಂದನೇ ತಾರೀಖು ಒಂದು ಕಡೆ, ಎರಡನೇ ತಾರೀಖು ಇನ್ನೊಂದು ಕಡೆ ಗುಂಪು ಕಟ್ಟುತ್ತವೆ. ನಡುವೆ ಓರೆಗೆರೆ (/) ಹಾಕುವಂತಿಲ್ಲ, ಫೈಲ್ ಹೆಸರಿನಲ್ಲಿ ಅದನ್ನು ವಿಂಡೋಸ್ ಒಪ್ಪುವುದಿಲ್ಲ. ಈ ವರ್ಷ-ತಿಂಗಳು-ದಿನ ಕ್ರಮ 1988ರಿಂದ ಐಎಸ್ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡವಾಗಿಯೇ ಇದೆ. ನಿಮ್ಮ ಮೊಬೈಲಿನ ವಾಟ್ಸ್ಆ್ಯಪ್ ಚಿತ್ರದ ಹೆಸರು ನೋಡಿ, ಐಎಂಜಿ ಆದ ಮೇಲೆ 20241105 ಎಂದು ಇರುತ್ತದೆ. ದಿನಾ ಕಣ್ಣ ಮುಂದೆ ಇದ್ದ ಪಾಠ!

ಐದನ್ನು 05 ಎಂದೇ ಬರೆಯಿರಿ. ವಿಂಡೋಸ್ ಎಕ್ಸ್‌ಪಿ ಕಾಲದಿಂದ, ಫೋಲ್ಡರ್ ತೋರಿಸುವ ಎಕ್ಸ್‌ಪ್ಲೋರರ್ ಅಂಕಿಗಳನ್ನು ಸಂಖ್ಯೆಯಾಗಿಯೇ ಓದುತ್ತದೆ, ಹಾಗಾಗಿ 2 ಆದ ಮೇಲೆ 10 ಬರುತ್ತದೆ. ಆದರೆ ಆಜ್ಞೆಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಟ್ಟಿ ತೆಗೆದರೆ ಒಂದೊಂದೇ ಅಕ್ಷರ ಹೋಲಿಸಿ 10 ಮೊದಲು, 2 ಆಮೇಲೆ. ಸೊನ್ನೆ ಸೇರಿಸಿದರೆ ಎಲ್ಲಿ ತೆರೆದರೂ ಸರಿ.

ಎಲ್ಲ ಫೋಲ್ಡರ್‌ಗೂ ಒಂದೇ ನೋಟ

ಡೀಟೇಲ್ಸ್ ಇಟ್ಟು, ಮೂರು ಚುಕ್ಕೆ ಒತ್ತಿ, ಆಪ್ಷನ್ಸ್ ತೆರೆದು, ವ್ಯೂ ಪುಟದಲ್ಲಿ ಅಪ್ಲೈ ಟು ಫೋಲ್ಡರ್ಸ್ ಒತ್ತಿದೆ. ಕೆಲವು ಫೋಲ್ಡರ್ ಕೇಳಿದವು, ಚೀಟಿಯ ಫೋಲ್ಡರ್‌ಗಳು ಮಾತ್ರ ದೊಡ್ಡ ದೊಡ್ಡ ಚಿತ್ರಗಳನ್ನೇ ತೋರಿಸಿದವು. ಕಾರಣ: ಆ ಆಜ್ಞೆ, ಅದನ್ನು ಕೊಟ್ಟ ಫೋಲ್ಡರ್‌ನ ಜಾತಿಯ ಫೋಲ್ಡರ್‌ಗಳಿಗೆ ಮಾತ್ರ. ಸಾಮಾನ್ಯ, ದಾಖಲೆ, ಚಿತ್ರ, ಸಂಗೀತ, ವಿಡಿಯೊ ಎಂದು ಐದು ಜಾತಿ. ಒಳಗಿರುವುದನ್ನು ನೋಡಿ ವಿಂಡೋಸ್ ತಾನೇ ಜಾತಿ ಊಹಿಸುತ್ತದೆ. ನಮ್ಮ ಚೀಟಿಗಳು ಚಿತ್ರದ ಫೈಲ್‌ಗಳಾದ್ದರಿಂದ ಅವುಗಳನ್ನು ಮದುವೆ ಆಲ್ಬಮ್ ಎಂದುಕೊಂಡಿತ್ತು. ಮೇಲಿನ ಫೋಲ್ಡರ್‌ನ ಪ್ರಾಪರ್ಟೀಸ್, ಅದರಲ್ಲಿ ಕಸ್ಟಮೈಸ್, ಅಲ್ಲಿ ಜನರಲ್ ಐಟಮ್ಸ್ ಆರಿಸಿ, ಒಳಫೋಲ್ಡರ್‌ಗಳಿಗೂ ಅನ್ವಯಿಸುವ ಚೌಕಕ್ಕೆ ಗುರುತು ಹಾಕಿದ ಮೇಲೆ ದಾರಿಗೆ ಬಂದವು.

ಚಿಲ್ಲರೆ

ಡೌನ್‌ಲೋಡ್ಸ್‌ನಲ್ಲಿ ಹೆಸರಿನ ಮೇಲೆ ಎಷ್ಟು ಒತ್ತಿದರೂ ಅಕಾರಾದಿ ಬರುವುದಿಲ್ಲ ಎಂದು ಪಕ್ಕದ ಬೆಂಚಿನ ಅಕ್ಕ ಕೇಳಿದರು. ಅಲ್ಲಿ ಗ್ರೂಪ್ ಬೈ ಹಾಕಿರುತ್ತದೆ. ಇಂದು, ನಿನ್ನೆ, ಕಳೆದ ವಾರ ಎಂಬ ಗುಂಪುಗಳು ಮೊದಲು, ಅಕಾರಾದಿ ಏನಿದ್ದರೂ ಆ ಗುಂಪಿನೊಳಗೆ. ಸಾರ್ಟ್ ಮೆನುವಿನ ಕೆಳಗೆ ಗ್ರೂಪ್ ಬೈ, ಅದರಲ್ಲಿ ನನ್ (ಯಾವುದೂ ಬೇಡ) ಆರಿಸಬೇಕು.

ದಿನಾ ಬೇಕಾಗುವ ಫೈಲ್ ಮೇಲೆಯೇ ಇರಲಿ ಎಂದರೆ ಹೆಸರಿನ ಮೊದಲು ಒಂದು ಅಡಿಗೆರೆ (_) ಹಾಕಿ; ಚಿಹ್ನೆಗಳು ಅಂಕಿಗಳಿಗೂ ಮುಂದೆ, ಇಂಗ್ಲಿಷ್ ಹೆಸರುಗಳು ಅಂಕಿಗಳ ಹಿಂದೆ, ಕನ್ನಡದ ಹೆಸರುಗಳು ಅವುಗಳ ಹಿಂದೆ. ನಮ್ಮ ಭತ್ತದ ದರಪಟ್ಟಿ ಈಗ ಅಡಿಗೆರೆಯೊಂದಿಗೆ ಎಲ್ಲಕ್ಕಿಂತ ಮೇಲಿದೆ. ಗುಮಾಸ್ತರು ಆ ಗೆರೆಯನ್ನು ಯಾರೋ ತಪ್ಪಾಗಿ ಒತ್ತಿದ್ದಾರೆಂದು ಎರಡು ಬಾರಿ ಅಳಿಸಿದ್ದಾರೆ.