‘ಸರ್ಕಾರಿ ಸಂಪರ್ಕ’ ಇಂಟರ್ನ್‌ಶಿಪ್ ಅಂದರೆ ಕಚೇರಿ ಅಲೆಯುವುದೇ?

ಪ್ರಶ್ನೆ: ಶಿವಮೊಗ್ಗದಲ್ಲಿ ಪದವಿ ಓದುತ್ತಿದ್ದೇನೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವಳು. ಬೆಳೆಗಾರರ ಸಂಘವೊಂದು ಕೃಷಿ ನೀತಿ ಮತ್ತು ಸರ್ಕಾರಿ ಸಂಪರ್ಕದ ಇಂಟರ್ನ್‌ಶಿಪ್ ಕೊಟ್ಟಿದೆ. ‘ಕಚೇರಿ ಅಲೆಯೋಕೂ ಡಿಗ್ರಿ ಬೇಕಾ’ ಅಂತಾರೆ ಅಪ್ಪ. ಅಲ್ಲಿ ಕೆಲಸ ಏನಿರುತ್ತದೆ?

ಉತ್ತರ: ಅಪ್ಪ ಹೇಳಿದ್ದು ಅರ್ಧ ಸರಿ. ಅಲೆಯುವುದೇ ಕೆಲಸ, ಯಾವ ಬಾಗಿಲಿಗೆ ಅನ್ನುವುದು ವಿದ್ಯೆ.

ನಿಮ್ಮ ಅಡಿಕೆಯನ್ನೇ ತಗೊಳ್ಳಿ. ಅದು ಕೃಷಿ ಇಲಾಖೆಗೆ ಸೇರಿದ್ದಲ್ಲ, ತೋಟಗಾರಿಕೆಗೆ. ಎಪಿಎಂಸಿ ತಕರಾರು ಕೃಷಿ ಮಾರಾಟ ಇಲಾಖೆಗೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ್ದಾದರೆ ಅರಣ್ಯ, ಕಂದಾಯ ಎರಡೂ ಕಡೆ. ಆಮದು ಮಾತ್ರ ದೆಹಲಿಯದು: 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ವಾಣಿಜ್ಯ ಸಚಿವಾಲಯದ ಕೆಳಗಿರುವ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. ಆಮದು ನಿಲ್ಲಿಸಿ ಎಂದು ತಹಸೀಲ್ದಾರರ ಕೈಗೆ ಮನವಿ ಕೊಟ್ಟರೆ ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ಫೋಟೋ ಚೆನ್ನಾಗಿಯೇ ಬರುತ್ತದೆ.

ಮಳೆಗಾಲದಲ್ಲಿ ಸೇರಿದರೆ ನಿಮ್ಮ ಮುಂದೆ ಮೊದಲು ಬರುವುದು ಬೆಳೆ ವಿಮೆ. ಹವಾಮಾನ ಆಧಾರಿತ ವಿಮೆಯಲ್ಲಿ ಯಾರೂ ತೋಟಕ್ಕೆ ಬಂದು ಕೊಳೆ ರೋಗಕ್ಕೆ ಉದುರಿದ ಕಾಯಿ ಎಣಿಸುವುದಿಲ್ಲ. ಪಂಚಾಯಿತಿಯ ಮಳೆಮಾಪಕ ಹೇಳಿದ್ದೇ ಲೆಕ್ಕ. ಹಾಗಾಗಿ ‘ಪರಿಹಾರ ಕೊಡಿಸಿ’ ಎಂಬ ಮನವಿಗಿಂತ ‘ನಮ್ಮ ಪಂಚಾಯಿತಿಯ ಜುಲೈ ತಿಂಗಳ ದಿನವಾರು ಮಳೆ ಲೆಕ್ಕ ಕೊಡಿ’ ಎಂಬುದಕ್ಕೆ ತೂಕ ಹೆಚ್ಚು. ಅದು ಬಂದ ಮೇಲೆ ಮನೆಯ ಗೋಡೆ ಕ್ಯಾಲೆಂಡರ್ ಇಳಿಸಿಕೊಳ್ಳಿ. ಔಷಧಿ ಹೊಡೆದ ದಿನ, ಮಳೆ ಬಿಡದೆ ಮರ ಹತ್ತುವ ಕೊನೆಗಾರ ವಾಪಸ್ ಹೋದ ದಿನ ಅಪ್ಪ ಅದರಲ್ಲಿ ಗೀಚಿರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಡಿ. ಕ್ಯಾಲೆಂಡರಿನಲ್ಲಿ ಜಡಿಮಳೆ, ಮಾಪಕದಲ್ಲಿ ಸೊನ್ನೆ ಎಂದಿದ್ದರೆ ಕೇಳಬೇಕಾದ ಪ್ರಶ್ನೆ ಸಿಕ್ಕಿತು. ಅಕ್ಕಪಕ್ಕದ ನಾಲ್ಕು ಮನೆಯ ಕ್ಯಾಲೆಂಡರ್‌ಗಳನ್ನೂ ನೋಡಿ. ಒಂದೇ ಮನೆಯ ಮಾತು ಕಚೇರಿಯಲ್ಲಿ ನಿಲ್ಲುವುದಿಲ್ಲ.

ಮನವಿ ಒಂದು ಪುಟ, ಕೇಳಿಕೆ ಒಂದೇ. ನಾನು ಬರೆದ ಮೊದಲನೆಯದು ನಾಲ್ಕು ಪುಟವಿತ್ತು, ಅಡಿಕೆಯ ಇತಿಹಾಸದಿಂದ ಶುರು. ಒಂದೂವರೆ ತಿಂಗಳಿಗೆ ಹಿಂಬರಹ ಬಂತು: ‘ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.’ ಇಡೀ ಪತ್ರವೇ ಒಂದು ಸಾಲು! ಕೋಪ ಬಂದಿತ್ತು. ಆದರೆ ತಪ್ಪು ಬಾಗಿಲು ತಟ್ಟಿದ್ದು ನಾನೇ.

ಮನವಿಯನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟ ಮೇಲೆ ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ವಾರ ಬಿಟ್ಟು ಹೋದಾಗ ‘ಸಾಹೇಬರು ಮೀಟಿಂಗಲ್ಲಿದ್ದಾರೆ’ ಅಂದರೆ ಬೇಸರ ಬೇಡ. ಕಡತ ಯಾವ ವಿಷಯ ನಿರ್ವಾಹಕರ ಹತ್ತಿರ ಇದೆ ಅಂತ ಕೇಳಿ. ಟಿಪ್ಪಣಿ ಬರೆದು ಮೇಲೆ ಕಳಿಸುವವರು ಅವರು. ಸಾಹೇಬರು ಓದುವುದು ಆ ಟಿಪ್ಪಣಿಯನ್ನು.

ಸೇರುವ ಮೊದಲು ಸಂಘದವರ ಹತ್ತಿರ ಬಸ್ ಚಾರ್ಜಿನ ಮಾತು ಆಡಿಬಿಡಿ. ಶಕ್ತಿ ಯೋಜನೆ ಇದೆ, ನಿಜ. ನಿಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು.