ಹತ್ತು ಗುಂಪು, ಹನ್ನೊಂದು ವೈರು: ಮನೆಯಲ್ಲೇ ಹಗುರ ಇ-ಸೈಕಲ್ ಕಟ್ಟುವವರಿಗೆ ಟಿಪ್ಪಣಿ

ಹೋದ ಭಾನುವಾರ ನನ್ನ ಸೈಕಲ್ ಮೋಟರ್ ಹಾಕಿಕೊಂಡು ಮೊದಲ ಸಲ ರಸ್ತೆಗೆ ಇಳಿಯಿತು. ಎಲ್ಲಿ ಸಿಕ್ಕಿಹಾಕಿಕೊಂಡೆ ಅನ್ನೋದು ಇನ್ನೂ ನೆನಪಲ್ಲಿದೆ, ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ. ಸೈಕಲ್ ಬಿಚ್ಚಿ ಜೋಡಿಸುವುದು, ಸೋಲ್ಡರ್ ಮಾಡುವುದು, ಮಲ್ಟಿಮೀಟರ್ ಹಿಡಿಯುವುದು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಮೊದಲು ದಾರಿ, ಆಮೇಲೆ ಮೋಟರ್

ನಾನು ಶುರು ಮಾಡಿದ್ದು ಉಲ್ಟಾ. 500 ವ್ಯಾಟ್ ಮೋಟರ್, 48 ವೋಲ್ಟ್ ಬ್ಯಾಟರಿ ಅಂತ ಮೊದಲೇ ಪಟ್ಟಿ ಬರೆದೆ. ಲೆಕ್ಕ ಹಾಕಿದರೆ 65 ಲಿಥಿಯಂ-ಅಯಾನ್ ಸೆಲ್ ಬೇಕಾಯಿತು. ಸೆಲ್‌ಗಳ ತೂಕವೇ 3 ಕಿಲೋ. ಆಮೇಲೆ ದಾರಿ ನೋಡಿದೆ. ನಾನಿರುವುದು ಮೈಸೂರಿನಲ್ಲಿ. ಕುವೆಂಪುನಗರದಿಂದ ಮೇಟಗಳ್ಳಿಗೆ ಹತ್ತಿರ ಹತ್ತಿರ 10 ಕಿ.ಮೀ., ಹೋಗಿ ಬಂದರೆ 20. ದೊಡ್ಡ ಏರು ಯಾವುದೂ ಇಲ್ಲ. ಅಷ್ಟು ದೂರಕ್ಕೆ ಅಷ್ಟು ಭಾರ ಯಾಕೆ?

ಸಮತಟ್ಟು ರಸ್ತೆಯಲ್ಲಿ ಸೈಕಲ್ಲನ್ನು ಹಿಡಿದೆಳೆಯುವುದು ಗಾಳಿ ಮತ್ತು ಟೈರು. ಗಂಟೆಗೆ 20 ಕಿ.ಮೀ. ವೇಗಕ್ಕೆ ಸುಮಾರು 90 ವ್ಯಾಟ್ ಸಾಕು. 25ಕ್ಕೆ ಏರಿಸಿದರೆ 150 ವ್ಯಾಟ್ ಬೇಕು. ವೇಗ ಕಾಲು ಭಾಗ ಜಾಸ್ತಿ, ಶಕ್ತಿ ಒಂದೂವರೆ ಪಟ್ಟಿಗೂ ಜಾಸ್ತಿ! ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕ ಹಾಗೆ ಏರುವುದೇ ಇದಕ್ಕೆ ಕಾರಣ. ಸಿಗ್ನಲ್ಲು, ಹಂಪು, ಮೋಟರಿನೊಳಗಿನ ನಷ್ಟ ಎಲ್ಲ ಸೇರಿಸಿ ಕಿ.ಮೀ.ಗೆ 9 ವ್ಯಾಟ್-ಅವರ್ ಅಂತ ಇಟ್ಟುಕೊಂಡೆ. 20 ಕಿ.ಮೀ.ಗೆ 180.

ಹಾಗಾಗಿ 36 ವೋಲ್ಟ್, 7.8 ಆಂಪಿಯರ್-ಅವರ್ ಬ್ಯಾಟರಿ. ಗುಣಿಸಿದರೆ 281 ವ್ಯಾಟ್-ಅವರ್. ಸೆಲ್‌ಗಳನ್ನು ಪೂರ್ತಿ ಹಿಂಡಬಾರದು. ನೂರಕ್ಕೆ 80 ಬಳಸಿದರೂ 225 ಸಿಗುತ್ತದೆ. ಸೆಲ್‌ಗಳು 30, ತೂಕ 1.4 ಕಿಲೋ. ಗೇರ್ ಇರುವ 250 ವ್ಯಾಟ್ ಹಬ್ ಮೋಟರ್ (ಚಕ್ರದ ನಡುವೆಯೇ ಕೂರುವಂಥದ್ದು) 2.3 ಕಿಲೋ. ಮೋಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರ್, ವೈರು, ಬ್ಯಾಟರಿ ಡಬ್ಬ ಎಲ್ಲ ಸೇರಿ ಸೈಕಲ್‌ಗೆ ಕೂಡಿದ ಭಾರ 5 ಕಿಲೋ ಮಾತ್ರ. ನಮ್ಮದು ಎರಡನೇ ಮಹಡಿ ಮನೆ, ಲಿಫ್ಟ್ ಇಲ್ಲ. ಈಗಲೂ ಹೆಗಲ ಮೇಲೆ ಹೊತ್ತು ಹತ್ತುತ್ತೇನೆ.

ಕಾನೂನು ಕೂಡ ಹೆಚ್ಚುಕಡಿಮೆ ಈ ಅಳತೆಗೇ ಹೊಂದುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಪೆಡಲ್ ತುಳಿದಾಗ ಮೋಟರ್ ನೆರವು ಕೊಡುವ ಸೈಕಲ್ ಕೆಲವು ಮಿತಿಯೊಳಗಿದೆ ಅಂತ ಅಧಿಕೃತ ಪರೀಕ್ಷಾ ಸಂಸ್ಥೆ ಒಪ್ಪಿದರೆ ಅದು ಮೋಟಾರು ವಾಹನ ಅಲ್ಲ. 30 ನಿಮಿಷದ ಶಕ್ತಿ, ಅಂದರೆ ಮೋಟರ್ ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ, 250 ವ್ಯಾಟ್‌ಗಿಂತ ಕಡಿಮೆ ಇರಬೇಕು. 25 ಕಿ.ಮೀ. ವೇಗಕ್ಕೆ ಮೋಟರ್ ನೆರವು ನಿಲ್ಲಬೇಕು, ತುಳಿಯುವುದು ಬಿಟ್ಟರೂ ನಿಲ್ಲಬೇಕು. ಬ್ಯಾಟರಿ ಬಿಟ್ಟು ತೂಕ 60 ಕಿಲೋ ದಾಟಬಾರದು. ಸರಿಯಾದ ಬ್ರೇಕು, ಬೆಳಕಿಗೆ ಹೊಳೆಯುವ ರಿಫ್ಲೆಕ್ಟರು ಇರಲೇಬೇಕು.

ಏರಿಗೆ ನನ್ನ ಒಂದೇ ಸಂಖ್ಯೆ: 27

ಇದು ನನಗೆ ತುಂಬ ಇಷ್ಟವಾದ ಲೆಕ್ಕ. 100 ಕಿಲೋ ಭಾರವನ್ನು 100 ಮೀಟರ್ ಎತ್ತರಕ್ಕೆ ಎತ್ತಲು 100 × 9.8 × 100, ಅಂದರೆ 98,000 ಜೂಲ್. ಒಂದು ವ್ಯಾಟ್-ಅವರ್ ಅಂದರೆ 3,600 ಜೂಲ್. ಭಾಗಿಸಿದರೆ 27. ಮೋಟರ್ ಬಿಸಿಯಾಗಿ ಕಳೆಯುವುದನ್ನೂ ಸೇರಿಸಿ 40 ಅಂತ ಇಟ್ಟುಕೊಳ್ಳಿ.

ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ. ನಾನು, ಸೈಕಲ್, ಚೀಲ ಸೇರಿ 91 ಕಿಲೋ. 0.91 × 3 × 40, ಹತ್ತಿರ ಹತ್ತಿರ 110 ವ್ಯಾಟ್-ಅವರ್. ಅರ್ಧ ಕೆಲಸ ಕಾಲು ಮಾಡಿದರೆ ಬ್ಯಾಟರಿಗೆ 55. ಆದರೆ ಬ್ಯಾಟರಿ ಸಾಕಾದರೂ ಮೋಟರ್ ತಡೆಯಬೇಕಲ್ವಾ? ಹಬ್ ಮೋಟರ್ ಏರಿನಲ್ಲಿ ತೀರ ನಿಧಾನವಾದರೆ ಕರೆಂಟ್ ಎಳೆಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಬರೀ ಬಿಸಿಯಾಗುತ್ತದೆ. ಕಡಿದಾದ ಕಡೆ ಜೋರಾಗಿ ತುಳಿದು ವೇಗ ಉಳಿಸಿಕೊಳ್ಳಿ.

ಬ್ಯಾಟರಿ: ನಾನು ಎರಡು ರಾತ್ರಿ ಕೂತ ಜಾಗ

ಸೆಲ್‌ಗಳನ್ನು ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೊಂಡೆ. ಎಲ್ಲ ಹೊಸವು, ಒಂದೇ ಮಾದರಿ, ಒಂದೇ ವೋಲ್ಟೇಜ್. ನಿಕಲ್ ಪಟ್ಟಿಯ ಸ್ಪಾಟ್ ವೆಲ್ಡಿಂಗ್ ಅಲ್ಲೇ ಮಾಡಿಸಿದೆ. ಸೆಲ್ ಮೇಲೆ ನೇರವಾಗಿ ಸೋಲ್ಡರ್ ಇಡಬೇಡಿ, ಆ ಬಿಸಿಗೆ ಸೆಲ್ ಒಳಗೇ ಹಾಳಾಗುತ್ತದೆ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೂಡಿಸಿ ಮೂರು ಮೂರು ಸೆಲ್ ಸೇರಿ ಒಂದು ಗುಂಪು. ಅಂಥ 10 ಗುಂಪು ಒಂದರ ಹಿಂದೆ ಒಂದು. 36 ವೋಲ್ಟ್ ಅಂತ ಕರೆಯುವ ಈ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 42 ತೋರಿಸುತ್ತದೆ. ಗಾಬರಿ ಬೇಡ, ಪ್ರತಿ ಗುಂಪು 4.2, ಹತ್ತು ಗುಂಪಿಗೆ 42. ಚಾರ್ಜರ್ ಕೂಡ 42ರದ್ದೇ ಇರಬೇಕು.

ಈಗ ಬಿಎಂಎಸ್, ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್. ಪ್ರತಿ ಗುಂಪಿನ ವೋಲ್ಟೇಜ್ ಮೇಲೆ ಕಣ್ಣಿಡುವ ಬೋರ್ಡ್ ಇದು. ಒಂದು ಗುಂಪು ಮೇಲೆ ಹೋದರೂ ಕೆಳಗೆ ಬಿದ್ದರೂ ಇಡೀ ಬ್ಯಾಟರಿಯನ್ನು ಕತ್ತರಿಸುತ್ತದೆ. ಅದರ ಜೊತೆ ಬಂದ ಬಿಳಿ ಪ್ಲಗ್‌ನಲ್ಲಿ 11 ಸಣ್ಣ ವೈರು. ಗುಂಪು ಇರುವುದು 10. ಹೆಚ್ಚಿನ ಒಂದು ಎಲ್ಲಿಗೆ? ಮೊದಲ ರಾತ್ರಿ ಇಲ್ಲೇ ನಿಂತುಬಿಟ್ಟೆ.

ಬೇಲಿ ನೆನೆಸಿಕೊಂಡಾಗ ಬಿಡಿಸಿತು. 10 ಅಂಕಣದ ಬೇಲಿಗೆ ಎಷ್ಟು ಗೂಟ? 11. ವೈರು ಹೋಗುವುದು ಗುಂಪಿಗೆ ಅಲ್ಲ, ಗೂಟಕ್ಕೆ. ಎರಡು ಗುಂಪು ಕೂಡುವ ಪ್ರತಿ ಜಾಗವೂ ಒಂದು ಗೂಟ. ಜೊತೆಗೆ ಆ ತುದಿಗೊಂದು, ಈ ತುದಿಗೊಂದು. ಮೊದಲ ಗುಂಪಿನ ಮೈನಸ್ 0ನೇ ಗೂಟ. ಮೊದಲ ಗುಂಪಿನ ಪ್ಲಸ್ 1ನೇದು. ಹೀಗೇ ಹತ್ತನೇ ಗುಂಪಿನ ಪ್ಲಸ್ 10ನೇದು. ಕೆಲವು ಬೋರ್ಡ್‌ಗಳ ಪ್ಲಗ್‌ನಲ್ಲಿ 10 ವೈರೇ ಇರುತ್ತವೆ. ಅಲ್ಲಿ ಬ್ಯಾಟರಿಯ ಮೈನಸ್‌ಗೆ ಹೋಗುವ ದಪ್ಪ ವೈರೇ ಸೊನ್ನೆಯ ಕೆಲಸ ಮಾಡುತ್ತದೆ.

ಕ್ರಮ ಹೀಗೆ: ದಪ್ಪ ಮೈನಸ್ ವೈರು ಮೊದಲು. ಆಮೇಲೆ ಸಣ್ಣ ವೈರುಗಳು, ಪ್ಲಗ್ ಬೋರ್ಡಿಗೆ ಹಾಕದೆ. ಅಳತೆ ನೋಡಿದ ಮೇಲೆ, ಕೊನೆಗೆ ಪ್ಲಗ್. ಉಂಗುರ, ಕೈಗಡಿಯಾರ ಬಿಚ್ಚಿಟ್ಟು ಕೂತುಕೊಳ್ಳಿ.

ಎರಡನೇ ರಾತ್ರಿ ಎಲ್ಲ ಬೆಸೆದು ಅಳೆಯಲು ಕೂತೆ. ಮೀಟರಿನ ಕಪ್ಪು ಕಡ್ಡಿ 0ಯಲ್ಲಿ, ಕೆಂಪು ಕಡ್ಡಿ ಪ್ಲಗ್‌ನ ಒಂದೊಂದೇ ತೂತಿಗೆ. 3.7, 7.4, 11.1, 14.8, 18.5. ಸರಿಯಾಗಿ ಮೆಟ್ಟಿಲು ಹತ್ತಿದ ಹಾಗೆ. ಆರನೇದಕ್ಕೆ 25.9 ಬಂತು. ಏಳನೇದಕ್ಕೆ 22.2. ಎಂಟಕ್ಕೆ ಮತ್ತೆ ಸರಿಯಾಗಿ 29.6. ಪಕ್ಕಪಕ್ಕದ ತೂತು ಅಳೆದೆ. ಕಪ್ಪು ಕಡ್ಡಿ ಆರರಲ್ಲಿ, ಕೆಂಪು ಏಳರಲ್ಲಿ ಇಟ್ಟಾಗ ಮೀಟರಿನಲ್ಲಿ ಅಂಕೆಯ ಮುಂದೆ ಒಂದು ಗೆರೆ ಮೂಡಿತು: ಮೈನಸ್ 3.7. ಆರು, ಏಳು ಅದಲುಬದಲಾಗಿದ್ದವು. ಪ್ಲಗ್ ಹಾಕಿಬಿಟ್ಟಿದ್ದರೆ ಬೋರ್ಡಿನ ಒಂದು ಜಾಗಕ್ಕೆ ಉಲ್ಟಾ ವೋಲ್ಟೇಜ್, ಅದರ ಎರಡೂ ಮಗ್ಗುಲಿಗೆ 7.4. ಬೋರ್ಡ್ ಅಲ್ಲೇ ಸುಡುತ್ತಿತ್ತು.

ತಪ್ಪಿದ್ದು ಎಲ್ಲಿ ಅಂದರೆ, ಗುಂಪುಗಳು ಒಂದು ಮೇಲೆ, ಒಂದು ಕೆಳಗೆ ಮುಖ ಮಾಡಿ ಕೂತಿರುತ್ತವೆ. ಹಾಗಾಗಿ 1, 3, 5, 7, 9 ಒಂದು ಮಗ್ಗುಲಲ್ಲಿ, 0, 2, 4, 6, 8, 10 ಇನ್ನೊಂದು ಮಗ್ಗುಲಲ್ಲಿ. ಬ್ಯಾಟರಿಯನ್ನು ಹೊರಳಿಸುವಾಗ ಎಣಿಕೆ ಜಾರಿತು. ಕಾವು ಇಟ್ಟು ಎರಡನ್ನೂ ಬಿಡಿಸಿ ಬದಲಾಯಿಸಿದೆ. ನೀವು ಬೆಸೆಯುವ ಮುಂಚೆಯೇ ಪ್ರತಿ ಗೂಟಕ್ಕೆ ಕಾಗದದ ಟೇಪ್ ಅಂಟಿಸಿ ನಂಬರ್ ಬರೆಯಿರಿ. ಒಂದು ಮಗ್ಗುಲಲ್ಲಿ 5, ಇನ್ನೊಂದರಲ್ಲಿ 6 ಟೇಪ್ ಇದ್ದರೆ ಎಣಿಕೆ ಸರಿ. ಅಳೆಯುವಾಗ 0ಯಿಂದ ಏರುವ ಅಂಕೆ ಮಾತ್ರ ನೋಡಿ ಬಿಡಬೇಡಿ. ಪಕ್ಕಪಕ್ಕದ್ದನ್ನೂ ಅಳೆಯಿರಿ, ಹತ್ತೂ ಸಲ ಒಂದೇ ಅಂಕೆ ಬರಬೇಕು.

ಮುಂದಿನ ಚಕ್ರ

ಮೋಟರ್ ಮುಂದಿನ ಚಕ್ರಕ್ಕೆ ಹಾಕಿದೆ, ಯಾಕೆಂದರೆ ನನ್ನದು ಉಕ್ಕಿನ ಫೋರ್ಕ್. ಅಲ್ಯೂಮಿನಿಯಂ ಫೋರ್ಕ್ ಇದ್ದವರು ಹಿಂದಿನ ಚಕ್ರಕ್ಕೇ ಹಾಕಿ. ಮೋಟರ್ ಚಕ್ರವನ್ನು ಮುಂದಕ್ಕೆ ತಿರುಗಿಸಿದಷ್ಟೇ ಬಲವಾಗಿ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಆಕ್ಸಲ್ಲಿನ ಚಪ್ಪಟೆ ಭಾಗ ಬರೀ 10 ಮಿ.ಮೀ. ಮೋಟರ್ 35 ನ್ಯೂಟನ್-ಮೀಟರ್ ಕೊಟ್ಟರೆ ಫೋರ್ಕಿನ ತುದಿಯ ಮೇಲೆ 350 ಕಿಲೋ ಭಾರದಷ್ಟು ಒತ್ತಡ. ಅದೇ ಆಕ್ಸಲ್‌ಗೆ 10 ಸೆಂ.ಮೀ. ಉದ್ದದ ಟಾರ್ಕ್ ಆರ್ಮ್ (ಆಕ್ಸಲ್ ತಿರುಗದ ಹಾಗೆ ಹಿಡಿಯುವ ಪಟ್ಟಿ) ಸಿಕ್ಕಿಸಿ ಫೋರ್ಕಿಗೆ ಬಿಗಿದರೆ, ಆ ತುದಿಯಲ್ಲಿ 35 ಕಿಲೋ ಹಿಡಿದರೆ ಸಾಕು. ಚಕ್ರದ ಕಡ್ಡಿ ಕಟ್ಟಿ ರಿಮ್ ಬೆಂಡ್ ತೆಗೆಯುವ ಕೆಲಸವನ್ನು ಸೈಕಲ್ ಶಾಪಿಗೆ ಕೊಟ್ಟೆ.

ಕೊನೆಗೆ ಪೆಡಲ್ ಸೆನ್ಸರ್, ಅಂದರೆ ತುಳಿಯುತ್ತಿದ್ದೇವೆ ಅಂತ ಕಂಟ್ರೋಲರಿಗೆ ತಿಳಿಸುವ ಭಾಗ. ಆಯಸ್ಕಾಂತ ಇರುವ ಪ್ಲಾಸ್ಟಿಕ್ ಬಿಲ್ಲೆಯನ್ನು ಕ್ರ್ಯಾಂಕಿನ ಎಡಗಡೆಗೆ ಹಾಕಿದ್ದೆ. ತುಳಿದರೆ ಮೋಟರ್ ಸುಮ್ನೆ ಇತ್ತು. ವೈರು, ಕನೆಕ್ಟರ್, ಕಂಟ್ರೋಲರ್ ಎಲ್ಲ ನೋಡಿ ಅರ್ಧ ದಿನ ಹೋಯಿತು. ಚಕ್ರ ಎತ್ತಿ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸಿದಾಗ ಮೋಟರ್ ಗುಂಯ್ ಅಂತು. ಬಿಲ್ಲೆಗೆ ಎಡ, ಬಲ ಇದೆ. ಬಲಗಡೆಯದನ್ನು ಎಡಕ್ಕೆ ಹಾಕಿದರೆ ಸೆನ್ಸರ್‌ಗೆ ಮುಂದೆ ತುಳಿದದ್ದು ಹಿಂದೆ ತುಳಿದ ಹಾಗೆ ಕಾಣುತ್ತದೆ. ಬಿಲ್ಲೆ ಬಿಚ್ಚಿ, ಮಗುಚಿ, ಮತ್ತೆ ಹಾಕಿದೆ. ಅರ್ಧ ಸುತ್ತು ತುಳಿಯುವಷ್ಟರಲ್ಲಿ ಮುಂದಿನ ಚಕ್ರ ಎಳೆಯಲು ಶುರು ಮಾಡಿತು.