ಕರುಳು ಆಹಾರವನ್ನು ಒಪ್ಪಿಕೊಳ್ಳುವ ಬಗೆ: ನೂರು ವರ್ಷ ಮೂಲೆಗೆ ಬಿದ್ದಿದ್ದ ಸುಳಿವು

ಮೊಟ್ಟೆ, ಹಾಲು, ಕಾಳು: ಇವುಗಳಲ್ಲಿರುವ ಪ್ರೋಟೀನ್ ನಮ್ಮ ದೇಹಕ್ಕೆ ಪರಕೀಯವೇ. ಬಹುಪಾಲು ಜೀರ್ಣವಾದರೂ ಒಂದಿಷ್ಟು ಇಡಿಯಾಗಿಯೇ ಕರುಳಿನ ಗೋಡೆ ದಾಟಿ ರಕ್ತ ಸೇರುತ್ತದೆ. ಆದರೂ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಏಕೆ?

1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ, ಕಡಲಜೀವಿಯೊಂದರ ವಿಷವನ್ನು ನಾಯಿಗಳಿಗೆ ಚುಚ್ಚಿ ನೋಡಿದ್ದರು. ಮೊದಲ ಸಲ ತಡೆದುಕೊಂಡಿದ್ದ ನಾಯಿ, ಕೆಲವು ವಾರಗಳ ನಂತರ ತೀರಾ ಕಡಿಮೆ ಪ್ರಮಾಣಕ್ಕೇ ಸತ್ತಿತು. ಈ ಮಾರಕ ಅಲರ್ಜಿಗೆ ಅವರಿಟ್ಟ ಹೆಸರು ಅನಾಫಿಲ್ಯಾಕ್ಸಿಸ್. ಆಹಾರದ ಪ್ರೋಟೀನನ್ನು ಚುಚ್ಚಿದರೂ ಹೀಗೇ ಆಗುತ್ತದೆಂದು ಬೇಗನೆ ತಿಳಿಯಿತು. 1911ರಲ್ಲಿ ಅಮೆರಿಕದ ಎಚ್. ಗಿಡಿಯನ್ ವೆಲ್ಸ್ ಮತ್ತು ಥಾಮಸ್ ಓಸ್ಬಾರ್ನ್ ಇನ್ನೊಂದು ವಿಷಯ ಗಮನಿಸಿದರು: ಮೆಕ್ಕೆಜೋಳ ತಿಂದೇ ಬೆಳೆದ ಗಿನಿಪಿಗ್‌ಗಳಲ್ಲಿ ಮೆಕ್ಕೆಜೋಳದ ಪ್ರೋಟೀನ್ ಚುಚ್ಚಿ ಅಲರ್ಜಿ ಹುಟ್ಟಿಸಲು ಆಗುತ್ತಿರಲಿಲ್ಲ. 1946ರಲ್ಲಿ ಮೆರಿಲ್ ಚೇಸ್ ಚರ್ಮ ಕೆರಳಿಸುವ ರಾಸಾಯನಿಕವೊಂದನ್ನು ಮೊದಲು ತಿನ್ನಿಸಿದಾಗಲೂ ಇದೇ ಕಂಡಿತು. ನಂತರ ಅದನ್ನು ಚರ್ಮಕ್ಕೆ ಹಚ್ಚಿದರೂ ಪ್ರಾಣಿಗಳು ಅಷ್ಟಾಗಿ ಪ್ರತಿಕ್ರಿಯಿಸಲಿಲ್ಲ.

ಬಾಯಿಯಿಂದ ಹೋದದ್ದು ಸಹನೆ ಕಲಿಸುತ್ತದೆ ಎಂಬುದು ಅಷ್ಟು ಹಿಂದೆಯೇ ಗೊತ್ತಿತ್ತು. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಉತ್ತರ ಬಿಡಿಬಿಡಿಯಾಗಿ ಸಿಕ್ಕಿತು. 1995ರಲ್ಲಿ ಜಪಾನಿನ ಶಿಮೊನ್ ಸಕಾಗುಚಿ, ರೋಗನಿರೋಧಕ ವ್ಯವಸ್ಥೆಯ ಅತಿರೇಕಕ್ಕೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳನ್ನು (ಟಿ ಕೋಶ ಎಂದರೆ ಬಿಳಿ ರಕ್ತಕಣದ ಒಂದು ಬಗೆ) ಗುರುತಿಸಿದರು. ಈ ಕೋಶಗಳಿಗೆ ಬೇಕಾದ ಫಾಕ್ಸ್‌ಪಿ3 ಜೀನ್ 2001ರಲ್ಲಿ ಪತ್ತೆಯಾಯಿತು. ಆ ಜೀನ್ ಕೆಟ್ಟು ಹುಟ್ಟಿದ ಮಕ್ಕಳ ಕರುಳು ತೀವ್ರವಾಗಿ ಉರಿಯೂತಕ್ಕೊಳಗಾಗುತ್ತದೆ, ಎಷ್ಟೋ ಮಕ್ಕಳಿಗೆ ಆಹಾರದ ಅಲರ್ಜಿಯೂ ಇರುತ್ತದೆ. ಈ ಸಂಶೋಧನೆಗಳಿಗೆ 2025ರ ನೊಬೆಲ್ ಸಂದಿದೆ.

ಕರುಳಿನಲ್ಲಿ ನಡೆಯುವ ಕೆಲಸ ಬೆರಗು ಹುಟ್ಟಿಸುವಂಥದ್ದು. ಸಣ್ಣಕರುಳಿನ ಒಳಪದರದ ಕೆಳಗಿರುವ ಡೆಂಡ್ರಿಟಿಕ್ ಕೋಶಗಳು ಪ್ರೋಟೀನಿನ ಚೂರನ್ನು ಹಿಡಿದು ಹತ್ತಿರದ ದುಗ್ಧಗ್ರಂಥಿಗೆ, ಅಂದರೆ ರೋಗನಿರೋಧಕ ಕೋಶಗಳು ಕೂಡುವ ಪುಟ್ಟ ಗಂಟಿಗೆ, ಒಯ್ಯುತ್ತವೆ. ಅಲ್ಲಿ ವಿಟಮಿನ್ ಎ ಯಿಂದ ತಯಾರಾದ ರೆಟಿನಾಯಿಕ್ ಆಮ್ಲ ಹಾಗೂ ಟಿಜಿಎಫ್-ಬೀಟಾ ಎಂಬ ಸಂಕೇತ ಸೇರಿ, ಇನ್ನೂ ದಾರಿ ಹಿಡಿಯದ ಟಿ ಕೋಶಗಳನ್ನು ನಿಯಂತ್ರಕ ಕೋಶಗಳಾಗಿ ಮಾರ್ಪಡಿಸುತ್ತವೆ. ಅವು ಮತ್ತೆ ಕರುಳಿಗೆ ಬಂದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಇಲಿಗಳಲ್ಲಿ ಆ ದುಗ್ಧಗ್ರಂಥಿಗಳನ್ನು ತೆಗೆದುಹಾಕಿದರೆ ಈ ಸಹನೆ ಬೆಳೆಯುವುದೇ ಇಲ್ಲ. ಅಂದರೆ ಕರುಳು ಸುಮ್ಮನಿರುವುದಕ್ಕೂ ದುಡಿಯುತ್ತಿರುತ್ತದೆ, ಆ ದುಡಿಮೆಗೆ ಆಹಾರ ಒಳಗೆ ಬರಲೇಬೇಕು.

ವೈದ್ಯಕೀಯ ಸಲಹೆ ಮಾತ್ರ ತದ್ವಿರುದ್ಧ ದಿಕ್ಕಿನಲ್ಲಿತ್ತು, ನನ್ನನ್ನು ಇಂದಿಗೂ ಕಾಡುವುದು ಇದೇ. ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡವೆಂದು 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿತು. 2008ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಲಂಡನ್ನಿನ ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್ ಅವರ ತಂಡ, ಎಳವೆಯಲ್ಲೇ ಕಡಲೆಕಾಯಿ ತಿನ್ನುವ ಇಸ್ರೇಲಿನ ಮಕ್ಕಳಿಗಿಂತ ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಅದರ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚೆಂದು ತೋರಿಸಿತು.

ನಂತರ ಅವರೇ ತೀವ್ರ ಎಕ್ಸಿಮಾ (ಚರ್ಮದ ತುರಿಕೆ, ಉರಿಯೂತ) ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳನ್ನು ಎರಡು ಗುಂಪು ಮಾಡಿದರು. 2015ರಲ್ಲಿ ಫಲಿತಾಂಶ ಬಂತು: ಐದು ವರ್ಷಕ್ಕೆ ಕಡಲೆಕಾಯಿ ದೂರವಿಟ್ಟವರಲ್ಲಿ ಶೇ 17.2, ತಿಂದವರಲ್ಲಿ ಶೇ 3.2 ಮಂದಿಗೆ ಅಲರ್ಜಿ. ಆಮೇಲೆ ಎರಡೂ ಗುಂಪಿನವರು ಒಂದು ವರ್ಷ ಅದನ್ನು ಪೂರ್ತಿ ಬಿಟ್ಟು ನೋಡಿದರು. ತಿಂದು ಬೆಳೆದಿದ್ದವರ ಸಹನೆ ಬಹುಮಟ್ಟಿಗೆ ಉಳಿದೇ ಇತ್ತು.

ಈಗಿನ ಮಾರ್ಗಸೂಚಿಗಳೂ ಬೇಗ ಆರಂಭಿಸಿ ಎನ್ನುತ್ತವೆ. ಆದರೆ ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇರುವ ಮಗುವಿಗೆ ಮೊದಲು ವೈದ್ಯರ ತಪಾಸಣೆ ಆಗಬೇಕು. ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವುದರಿಂದ ಎಳೆಯ ಮಕ್ಕಳಿಗೆ ನುಣ್ಣಗೆ ಅರೆದು ತೆಳುವಾಗಿಸಿಯೇ ಕೊಡಬೇಕು.